ತಿರುಪಿನ ಸಂದಿಯ ಅರಿಶಿನ

ಸಿಂಚನಾ,

ಇವತ್ತು ನಮ್ಮ ಪಾಲಿಮರ್ ಪೊರೆ ಸೋರಲಿಲ್ಲ ಕಣೇ. ಒಳಗೆ ತುಂಬಿದ ಬಣ್ಣವನ್ನು ಜೀವಕೋಶದ ಪೊರೆಯ ಹಾಗೆಯೇ ಹಿಡಿದುಕೊಂಡು, ಪುಟ್ಟ ಪುಟ್ಟ ಹಸಿರು ಗುಳ್ಳೆಗಳಾಗಿ ಹೊಳೆಯಿತು. ನಾನು ನಂಬಲಿಲ್ಲ.

ಹೋದ ವರ್ಷ ಆಯುಧಪೂಜೆಯ ಮಾರನೆಯ ದಿನವೂ ಹೀಗೇ ಹೊಳೆದಿತ್ತಲ್ಲ. "ನಿಂತ್ಬುಡ್ತು ಕಣೇ, ಸೋರ್ತಾನೇ ಇಲ್ಲ!" ಎಂದು ನಾನು ಕೂಗಿ ಇಡೀ ಲ್ಯಾಬಿಗೆ ಕಾಫಿ ಕೊಡಿಸಿದ್ದೆ. ಆಮೇಲೆ ನೋಡಿದರೆ, ಪೂಜೆಗೆಂದು ನೀನು ಮೈಕ್ರೋಸ್ಕೋಪಿನ ತಿರುಪಿಗೆ ಹಚ್ಚಿದ್ದ ಅರಿಶಿನ ಗ್ಲೌಸಿಗೆ ಅಂಟಿ ಸ್ಲೈಡಿಗೆ ಬಂದಿತ್ತು. ಮೈಕ್ರೋಸ್ಕೋಪಿನ ನೀಲಿ ಬೆಳಕು ಬಿದ್ದರೆ ನಮ್ಮ ಬಣ್ಣದ ಹಾಗೆ ಅರಿಶಿನವೂ ಹಸಿರಾಗಿ ಕಾಣುತ್ತದೆಂದು ಇಬ್ಬರಿಗೂ ನೆನಪಾಗಿರಲಿಲ್ಲ. ನೀನು ನೆಲದ ಮೇಲೆ ಕೂತು ನಕ್ಕಿದ್ದೆ.

ಇವತ್ತು ಮೋಹನ್ ಸರ್ ಪರದೆ ನೋಡಿ, "ಮತ್ತೆ ಅರಿಶಿನ ಇರ್ಬೋದು ಕಣಮ್ಮ. ಎಲ್ಲಾ ಒರೆಸ್ಬುಟ್ಟು ಇನ್ನೊಂದ್ಸಲ ನೋಡು" ಎಂದರು.

ಅಂದು ಎಷ್ಟು ಉಜ್ಜಿದರೂ ತಿರುಪಿನ ಸಂದಿಯಲ್ಲಿ ಒಂದು ಹಳದಿ ಗೆರೆ ಉಳಿದುಬಿಟ್ಟಿತ್ತು. ನೀನು ತೀರಿಕೊಂಡ ಮೇಲೆ ಅದನ್ನು ಮುಟ್ಟಲು ನಾನು ಯಾರನ್ನೂ ಬಿಟ್ಟಿರಲಿಲ್ಲ. ಸಾಮಾನ್ಯ ಕೆಲಸಕ್ಕೆ ಅದರಿಂದ ತೊಂದರೆಯೇನೂ ಇರಲಿಲ್ಲ. ಇಂಥ ದಿನ ಮಾತ್ರ ತೊಂದರೆಯಿತ್ತು.

ಹತ್ತಿಯನ್ನು ಸ್ಪಿರಿಟಿನಲ್ಲಿ ಅದ್ದಿ, ಸಂದಿಗೆ ತುರುಕಿ ಒರೆಸಿದೆ. ಗ್ಲೌಸ್ ಬದಲಿಸಿ ಹೊಸ ಸ್ಲೈಡ್ ಇಟ್ಟೆ. ಗುಳ್ಳೆಗಳು ಹಾಗೆಯೇ ಹೊಳೆದವು. ಈ ಸಲ ನಿಜ ಕಣೇ. ಎಲ್ಲರೂ ಚಪ್ಪಾಳೆ ತಟ್ಟಿದರು, ಸರ್ ಕಾಫಿ ತರಿಸಿದರು. ನಾನು ಪಕ್ಕದ ನಿನ್ನ ಕುರ್ಚಿಯ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದೆ.

ಆಮೇಲೆ ಲಕ್ಷ್ಮೀಪುರಂನ ಮನೆಯವರೆಗೆ ನಡೆದೇ ಬಂದೆ. ಆ ಹಳದಿ ಹತ್ತಿ ನನ್ನ ಪರ್ಸಿನಲ್ಲಿದೆ.

ವರ್ಷಿಣಿ