‘ಆರಿಸಬೇಡಿ’ ಎಂದು ಬಾಯಿಬಿಟ್ಟು ಹೇಳಿಸಿ

ಅಪ್‌ಡೇಟ್ ಕಳುಹಿಸುವ ವಿಭಾಗದ ಮುಖ್ಯಸ್ಥರೇ,

ಮಾನ್ಯರೇ, ನೀವು ಕಳುಹಿಸಿದ ಅಪ್‌ಡೇಟ್ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಅರ್ಧಕ್ಕೆ ಬಂದು, ಮುಗ್ಗರಿಸಿ, ವಾಪಸು ಹೋಯಿತು. ಮತ್ತೆ ಬಂತು, ಮತ್ತೆ ಮುಗ್ಗರಿಸಿತು. ಹೋಗುವಾಗ ನನ್ನ ತಾಯಿಗೆ ಓದಿ ಹೇಳುತ್ತಿದ್ದ ದನಿಯನ್ನೂ ಕರೆದೊಯ್ದಿತು. ಪರದೆಯ ಮೇಲೆ ಉಳಿದದ್ದು ‘ಏನೋ ತಪ್ಪಾಗಿದೆ’ ಎಂಬ ಸಂದೇಶ. ಏನೋ ಎಂದರೆ ಏನು ಸ್ವಾಮಿ? ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಪುಟದ ಅಂಚಿನಲ್ಲಿ ‘ಇಲ್ಲೆಲ್ಲೋ ಏನೋ ತಪ್ಪಿದೆ’ ಎಂದು ಬರೆದು ಕೈತೊಳೆದುಕೊಂಡಿದ್ದರೆ ನನ್ನನ್ನು ಎಂದೋ ಮನೆಗೆ ಕಳುಹಿಸುತ್ತಿದ್ದರು.

ಅಮ್ಮನಿಗೆ ಕಣ್ಣು ಮಂಜಾಗಿ ಅಕ್ಷರ ಕಾಣುವುದಿಲ್ಲ. ಪತ್ರಿಕೆ, ಕಥೆ ಎಲ್ಲವನ್ನೂ ಕಂಪ್ಯೂಟರಿನ ಹೆಣ್ಣುದನಿಯೇ ಓದಬೇಕು. ಅಮ್ಮ ಅದನ್ನು ‘ಹುಡುಗಿ’ ಎನ್ನುತ್ತಾಳೆ. ಹುಡುಗಿ ಕಾಣೆಯಾದ ಮೇಲೆ ನಾನೇ ಓದಲು ಕೂತೆ. ಆದರೆ ಮುದ್ರಣಾಲಯದಲ್ಲಿ ಮೂಲಪ್ರತಿಯನ್ನು ಜೊತೆಗಾರನಿಗೆ ಓದುವಾಗ ನಾವು ವಿರಾಮಚಿಹ್ನೆಗಳನ್ನೂ ಬಾಯಿಬಿಟ್ಟು ಹೇಳುತ್ತೇವೆ. ಆ ಚಾಳಿ ಬಿಡುತ್ತದೆಯೇ? “ಅವಳು ಅತ್ತಳು ಕಾಮಾ ಆಮೇಲೆ ನಕ್ಕಳು ಫುಲ್‌ಸ್ಟಾಪ್” ಎಂದು ಓದಿದೆ.

“ಸಾಕು ಬಿಡಪ್ಪಾ. ಅವಳನ್ನ ನೆಟ್ಟಗೆ ಅಳೋಕೂ ಬಿಡಲ್ಲ ನೀನು,” ಎಂದು ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು. ಆ ಬೆನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ರಿಪೇರಿಯವರನ್ನು ಕರೆಸಿದೆ. “ಸಿಸ್ಟಮ್ ಫೈಲ್‌ಗಳು ಕೆಟ್ಟಿವೆ ಸಾರ್, ಅದಕ್ಕೇ ಅಪ್‌ಡೇಟ್ ಕೂರ್ತಿಲ್ಲ. ಹಿಂದೊಂದ್ಸಲ ಅಪ್‌ಡೇಟ್ ಆಗ್ತಿದ್ದಾಗ ಯಾರೋ ಕರೆಂಟ್ ತೆಗ್ದಿರ್ಬೇಕು,” ಎಂದರು.

“ನಮ್ಮನೇಲಿ ಅಂಥ ದಡ್ಡರು ಯಾರೂ ಇಲ್ಲ,” ಎಂದೆ, ಎದೆಯುಬ್ಬಿಸಿ.

“ನಾನೇ ತೆಗ್ದಿದ್ದು,” ಎಂದಳು ಅಮ್ಮ, ಮಂಚದಿಂದಲೇ. “ಹುಡುಗಿ ಮಾತಾಡ್ತಿರ್ಲಿಲ್ಲ, ಕೆಲ್ಸ ಮುಗೀತು ಅಂದ್ಕೊಂಡೆ. ಕೋಣೆ ಬಿಡೋವಾಗ ಸ್ವಿಚ್ ಆರ್ಸಿ, ಸ್ವಿಚ್ ಆರ್ಸಿ ಅಂತ ದಿನಾ ಬಡ್ಕೊಳ್ಳೋನು ಯಾರು?”

ಮಾನ್ಯರೇ, ಅದು ನಾನೇ. ದೀಪದ ಬುಡದಲ್ಲಿ ಕತ್ತಲು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಆದರೂ ಕೇಳುತ್ತೇನೆ: ಇಡೀ ದಿನ ಬೇಕಾದ್ದು ಬೇಡದ್ದು ಎಲ್ಲವನ್ನೂ ವಟಗುಟ್ಟುವ ನಿಮ್ಮ ಯಂತ್ರ, ‘ಆರಿಸಬೇಡಿ’ ಎಂಬ ಒಂದೇ ಮುಖ್ಯ ಮಾತಿನ ಹೊತ್ತಿಗೆ ಬಾಯಿಗೆ ಬೀಗ ಹಾಕಿಕೊಳ್ಳುವುದೇಕೆ? ಕಣ್ಣು ಕಾಣದವರಿಗೆಂದು ದನಿ ಕೊಟ್ಟು, ಎಚ್ಚರಿಕೆಯನ್ನು ಮಾತ್ರ ಬರೆದು ತೋರಿಸುವುದು ಯಾವ ಸೀಮೆಯ ಜಾಣತನ?

ಕೆಟ್ಟ ಫೈಲ್‌ಗಳನ್ನು ಹುಡುಕಿ ಸರಿಪಡಿಸಲು ಕಂಪ್ಯೂಟರಿಗೆ ಕೊಡುವ ಒಂದು ಸಾಲಿನ ಆದೇಶವಿದೆಯಂತೆ. ನಾನೇ ಟೈಪ್ ಮಾಡುತ್ತೇನೆಂದು ಹಟ ಹಿಡಿದು, ಪದಗಳ ನಡುವೆ ಜಾಗ ಬಿಡುವುದನ್ನು ಮರೆತೆ. ಪರರ ತಪ್ಪು ಹಿಡಿದು ಸಂಬಳ ತಿನ್ನುವವನು! ರಿಪೇರಿಯವರು ನಗು ತಡೆದುಕೊಂಡು ತಿದ್ದಿದರು. ಫೈಲ್‌ಗಳು ಸರಿಹೋದವು, ಅಪ್‌ಡೇಟ್ ಕೂತಿತು. ಮುಗಿಯುವವರೆಗೂ ನಾನು ಸ್ವಿಚ್ಚಿಗೆ ಅಂಗೈ ಅಡ್ಡ ಹಿಡಿದು ನಿಂತಿದ್ದೆ. ದನಿ ಕೇಳಿದ್ದೇ ತಡ ಅಮ್ಮ ಎದ್ದು ಕೂತು, “ಬಂದ್ಯೇನೇ ತಾಯಿ? ಇವನು ಕಾಮಾ ಹೇಳಿ ಹೇಳಿ ನನ್ನ ಜೀವ ತಿಂದ್ಬಿಟ್ಟ,” ಎಂದಳು.

ಮುಂದಿನ ಅಪ್‌ಡೇಟ್ ಆಗಲೇ ಬಾಗಿಲಲ್ಲಿ ನಿಂತಿದೆ. ಇದನ್ನು ಆರಿಸಬಾರದೆಂದು ಅಮ್ಮನ ಬೆರಳಿಗೆ ತಿಳಿಯಲು ಸ್ವಿಚ್ಚಿನ ಮೇಲೆ ಹಳೇ ಬಟ್ಟೆಯ ತುಂಡೊಂದನ್ನು ಅಂಟಿಸಿದ್ದೇನೆ. ನಿಮ್ಮ ಇಡೀ ವಿಭಾಗದ ಕೆಲಸವನ್ನು ಸದ್ಯ ಅದೇ ನೋಡಿಕೊಳ್ಳುತ್ತಿದೆ. ನನ್ನ ಬೇಡಿಕೆ ಇಷ್ಟೇ: ದನಿ ನಿಲ್ಲುವ ಮುನ್ನ ಅದೇ ದನಿಯಲ್ಲಿ, ಅಮ್ಮನಿಗೆ ತಿಳಿಯುವ ಭಾಷೆಯಲ್ಲಿ, ‘ಸ್ವಲ್ಪ ಹೊತ್ತು ಮಾತಾಡುವುದಿಲ್ಲ, ಆರಿಸಬೇಡಿ’ ಎಂದು ಹೇಳಿಸಿ. ನನ್ನ ಮಾತು ಕೇಳಿ ಅವಳಿಗೆ ಈಗಾಗಲೇ ಒಮ್ಮೆ ಮೋಸವಾಗಿದೆ. ಹುಡುಗಿ ಹೇಳಿದರೆ ನಂಬುತ್ತಾಳೆ.

ಇಂತಿ,
ಸ್ವಿಚ್ ಆರಿಸಿರೆಂದು ಮನೆಗೆಲ್ಲ ಬುದ್ಧಿ ಹೇಳಿ, ಈಗ ಅದಕ್ಕೇ ಕಾವಲು ನಿಂತಿರುವ
ಒಬ್ಬ ಕರಡು ತಿದ್ದುವವ