ಇಪ್ಪತ್ನಾಲ್ಕು ಕುದುರೆ ಸಾಕು

ನಮ್ಮ ಮನೆ, ಅಡುಗೆಮನೆಯ ಮೇಜು
ತಾರೀಖು ಹದಿನೇಳು, ಶುಕ್ರವಾರ ಮಧ್ಯಾಹ್ನ

ಮುಖ ಊದಿಸಿಕೊಂಡು ಹೋದ ನನ್ನ ಯಜಮಾನರಿಗೆ,

ಹೇಗಿದ್ದೀರಿ? ಮಂಡಿನೋವು ಕಡಿಮೆಯಾಯಿತೇ? ನಿಮ್ಮ ತಮ್ಮನ ಮನೆಯಲ್ಲಿ ಮೆಟ್ಟಿಲು ಜಾಸ್ತಿ, ಸುಮ್ಮಸುಮ್ಮನೆ ಹತ್ತಿ ಇಳಿದು ಮಾಡಬೇಡಿ. ಬಿ.ಪಿ. ಮಾತ್ರೆಯ ಚೀಟಿ ಚೀಲದ ಒಳಜೇಬಿನಲ್ಲಿದೆ. ಹೋಗುವ ರಭಸದಲ್ಲಿ ನೀವು ನೋಡಲಿಲ್ಲ, ನಾನೇ ತುರುಕಿದ್ದೆ. ನನ್ನ ವಾರಗಿತ್ತಿ ಮೊನ್ನೆ ಫೋನಿನಲ್ಲಿ, 'ಭಾವ ಚೆನ್ನಾಗಿದಾರೆ ಅಕ್ಕಾ, ಬೆಳಿಗ್ಗೆಯಿಂದ ನಮ್ಮ ಮಿಕ್ಸಿ ಬಿಚ್ಕೊಂಡು ರಿಪೇರಿ ಮಾಡ್ತಿದಾರೆ, ಆದ್ರೆ ಅದು ಕೆಟ್ಟೇ ಇರ್ಲಿಲ್ಲ' ಅಂದಳು. ಪಾಪ, ಅವಳ ಮಿಕ್ಸಿಯನ್ನು ಮತ್ತೆ ಜೋಡಿಸಿಕೊಟ್ಟಿರಾ? ನಾನು ಫೋನ್ ಮಾಡಿದರೆ 'ಹ್ಞೂಂ' ಎಂದು ಇಟ್ಟುಬಿಡುತ್ತೀರಿ, ಅದಕ್ಕೇ ಈ ಕಾಗದ. ಸಾಮಾನು ಕಟ್ಟಿಕೊಟ್ಟ ಹರಕು ಪೇಪರನ್ನೂ ಮೂಲೆಯಿಂದ ಮೂಲೆಗೆ ಓದುವ ಮನುಷ್ಯರು ನೀವು, ಹೆಂಡತಿಯ ಕಾಗದವನ್ನು ಅರ್ಧಕ್ಕೆ ಬಿಡಲಾರಿರಿ.

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿಲ್ಲ. ಗೆದ್ದೆವು ರೀ! ಮೂರೂ ಮೈದಾನದ ಹುಲ್ಲು ಕತ್ತರಿಸುವ ಗುತ್ತಿಗೆ ಮತ್ತೆ ನಮ್ಮದೇ. ಒಂದು ವರ್ಷಕ್ಕಲ್ಲ, ಎರಡು ವರ್ಷಕ್ಕೆ. ಹುಲ್ಲು ಅಳೆಯುವ ಟೇಪನ್ನು ಕೈಯಿಂದ ಬಿಡದ ನಮ್ಮ ಮೈದಾನದ ಅಧಿಕಾರಿ, ಟೇಪು ಸಾಹೇಬರು, ನಿನ್ನೆ ಎಲ್ಲರೆದುರು ಹೇಳಿ, ಸಂಜೆಯೊಳಗೆ ಸಹಿ ಹಾಕಿದ ಕಾಗದ ಕಳಿಸಿದರು. ಅದನ್ನು ನಿಮ್ಮ ಕನ್ನಡಕದ ಡಬ್ಬಿಯ ಕೆಳಗೆ ಇಟ್ಟಿದ್ದೇನೆ.

ಇಪ್ಪತ್ತೆರಡು ದಿನದ ಹಿಂದೆ ನೀವು ಮಾಡಿದ ರಂಪ ನಿಮಗೆ ಪೂರ್ತಿ ನೆನಪಿರಲಿಕ್ಕಿಲ್ಲ, ಸಿಟ್ಟಿನಲ್ಲಿದ್ದವರಿಗೆ ಏನು ನೆನಪಿರುತ್ತದೆ. ನನಗೆ ಎಲ್ಲ ನೆನಪಿದೆ. ದೊಡ್ಡ ಮೈದಾನದ ಹುಲ್ಲು ಅರ್ಧ ಕತ್ತರಿಸಿ ಆಗಿತ್ತು. ಮಂಡಿನೋವೆಂದು ಅವತ್ತು ನೀವೇ ಮಗಳನ್ನು ಹುಲ್ಲು ಕತ್ತರಿಸುವ ಮೆಷಿನ್ನಿನ ಸೀಟಿನ ಮೇಲೆ ಕೂರಿಸಿದ್ದಿರಿ. ಎಂಜಿನ್ ಕಟಕಟ ಎಂದು ಹೊಗೆಯುಗುಳಿ ನಿಂತೇಹೋಯಿತು. ನೀವು ಕುಂಟುತ್ತಾ ಓಡಿಬಂದು, ಟೇಪು ಸಾಹೇಬರಿದ್ದಾರೆ, ಓಡುವ ಹುಡುಗರಿದ್ದಾರೆ, ಗೇಟಿನ ಕಾವಲಿನವನಿದ್ದಾನೆ ಎಂಬುದನ್ನೂ ನೋಡದೆ, 'ನಿನ್ನ ಕೈಗೆ ಮೆಷಿನ್ ಕೊಟ್ಟಿದ್ದೇ ನನ್ನ ತಪ್ಪು, ಸುಟ್ಟು ಹಾಕಿದೆಯಲ್ಲೇ!' ಎಂದು ಕೂಗಿದಿರಿ. ಅವಳು ಸೀಟಿನಿಂದಿಳಿದು, ಕೈಗವಸು ಬಿಚ್ಚಿ, ನೀಟಾಗಿ ಮಡಚಿ ಸೀಟಿನ ಮೇಲಿಟ್ಟು ಮನೆಗೆ ನಡೆದುಬಂದಳು. ಸಂಜೆ ನೀವು ಚೀಲ ಹೆಗಲಿಗೆ ಹಾಕಿಕೊಂಡು, 'ಆ ಮೆಷಿನ್ ಓಡಿದ ದಿನ ಬರ್ತೀನಿ. ಹೊಸ ಎಂಜಿನ್ ತಂದ್ರೆ ಮೂವತ್ತೈದು ಕುದುರೆದ್ದೇ ತನ್ನಿ. ಅವಳು ಮಾತ್ರ ಮುಟ್ಟಕೂಡ್ದು' ಎಂದು ಅಪ್ಪಣೆ ಕೊಡಿಸಿ ಹೊರಟಿರಿ. ಎಚ್.ಪಿ. ಎನ್ನಲು ನಿಮಗೆ ಬಾಯಿ ಬರುವುದಿಲ್ಲ, ಯಾವತ್ತೂ ಕುದುರೆಯೇ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ, ತಿರುಗಿ ನೋಡುತ್ತೀರೇನೋ ಎಂದು. ನೋಡಲಿಲ್ಲ.

ಆ ಮೆಷಿನ್ನಿನ ಮೇಲೆ ನಿಮಗಿರುವ ಪ್ರೀತಿ ನನಗೆ ಗೊತ್ತಿಲ್ಲದ್ದೇ? ಸ್ಟೀರಿಂಗ್ ಇಲ್ಲದ, ಎರಡು ಲಿವರ್ ಹಿಡಿದು ನಿಂತಲ್ಲೇ ಗಿರ್ರನೆ ತಿರುಗುವ ಗಾಡಿಯನ್ನು ಮೊದಲ ದಿನ ತಂದಾಗ ಅಂಗಳದಲ್ಲಿ ಏಳು ಸುತ್ತು ತಿರುಗಿ, ತಲೆ ಸುತ್ತಿ ಮೆಟ್ಟಿಲ ಮೇಲೆ ಕೂತವರು ನೀವು. ಎಂಜಿನ್ನಿನ ನೆತ್ತಿಯ ಮೇಲಿನ ಜಾಲರಿಯೊಳಕ್ಕೆ ಹುಲ್ಲಿನ ಧೂಳು ಹೋಗುತ್ತದೆಂದು ಹಳೆ ಪರದೆಯ ನೀಲಿ ಚೌಕಳಿ ಬಟ್ಟೆಯಲ್ಲಿ ನನ್ನ ಕೈಲಿ ಕುಲಾವಿ ಹೊಲಿಸಿದಿರಿ. ಮಗಳು ಹುಟ್ಟಿದಾಗ ಒಂದು ಕುಲಾವಿ ಹೊಲಿ ಎಂದು ಹೇಳಿದವರಲ್ಲ! ಅದಕ್ಕೆ ಅಳತೆ ತೆಗೆದಿರಿ, ಎಲಾಸ್ಟಿಕ್ ಸಾಲದೆಂದು ಲಾಡಿ ಹಾಕಿಸಿದಿರಿ, ಮೈದಾನದಲ್ಲಿ ಸಿಕ್ಕಿದವರಿಗೆಲ್ಲ ತೋರಿಸಿ ಮೀಸೆ ತಿರುವಿದಿರಿ. ನಾನೂ ಬೀಗಿದ್ದೆ ಎನ್ನಿ, ಹೊಲಿಗೆ ಚೆನ್ನಾಗಿಯೇ ಬಂದಿತ್ತು.

ನೀವು ಹೋದ ಹನ್ನೆರಡನೇ ದಿನ ಟೇಪು ಸಾಹೇಬರು ಮನೆಗೇ ಬಂದರು. ಆ ಟೇಪು ಇಲ್ಲಿಯೂ ಕೈಯಲ್ಲೇ ಇತ್ತು, ಕೂರುವಾಗ ಕುರ್ಚಿಯ ಎತ್ತರ ಅಳೆಯುತ್ತಾರೇನೋ ಅಂದುಕೊಂಡೆ. ಹುಲ್ಲು ಬೆಳೆಯುತ್ತಿದೆ, ಕಾಯಲಾಗುವುದಿಲ್ಲ, ನಮ್ಮ ಹಾಗೇ ಹುಲ್ಲು ಕತ್ತರಿಸುವ ಗುಡುಗಣ್ಣ ತನ್ನ ಹೊಸ ಗಾಡಿ ತರುತ್ತಾನಂತೆ ಎಂದರು. ಹದಿನಾರನೇ ತಾರೀಖು ಬೆಳಿಗ್ಗೆ ಇಬ್ಬರೂ ಅರ್ಧರ್ಧ ಮೈದಾನ ಕತ್ತರಿಸಿ ತೋರಿಸಬೇಕು, ಯಾರದ್ದು ಚೆನ್ನಾಗಿರುತ್ತದೋ ಅವರಿಗೇ ಕೆಲಸ. ಗುಡುಗಣ್ಣನ ಗಾಡಿ ಎರಡು ಬೀದಿ ಆಚೆಯಿಂದಲೇ ಕೇಳಿಸುತ್ತದೆಯಲ್ಲ, ಅಷ್ಟು ದೊಡ್ಡದು. ಹನ್ನೊಂದು ವರ್ಷದಿಂದ ನಾವು ನೋಡಿಕೊಂಡ ಮೈದಾನ ರೀ. ಅದು ಕೈಬಿಟ್ಟರೆ ಶೆಡ್ಡಿಗೆ ಬೀಗ ಹಾಕಿ ನಾವೂ ಮಿಕ್ಸಿ ಬಿಚ್ಚುತ್ತಾ ಕೂರಬೇಕಾಗಿತ್ತು.

ಎಂಜಿನ್ ರಿಪೇರಿಯ ಮೇಸ್ತ್ರಿಯನ್ನು ಕರೆಸಿದೆ. ಹಳೆ ಎಂಜಿನ್ ಬಿಚ್ಚಿ ನೋಡಿ, 'ಇದು ಏಳಲ್ಲ ಅಕ್ಕಾ, ಹೊಸದೇ ಕೂರಿಸ್ಬೇಕು' ಎಂದ. ಇನ್ನೂ ಒಂದು ಮಾತು ಹೇಳಿದ, ಅದನ್ನು ಆಮೇಲೆ ಬರೆಯುತ್ತೇನೆ. ಸರಿ, ಬ್ಲೇಡಿನ ಬೆಲ್ಟು ತಿರುಗಿಸುವ ಹಳೆ ಪುಲ್ಲಿಯನ್ನು ಬಿಚ್ಚಿಸಿ, ತೊಳೆದು, ತರಕಾರಿ ಚೀಲಕ್ಕೆ ಹಾಕಿಕೊಂಡು ಎಂಜಿನ್ ಅಂಗಡಿಗೆ ಹೊರಟೆ. ಮಗಳನ್ನೂ ಎಳೆದುಕೊಂಡು ಹೋದೆ. 'ಅಪ್ಪ ಮುಟ್ಬೇಡ ಅಂದಿದಾರೆ' ಎಂದಳು. ಮುಟ್ಟಬೇಡ ಎಂದಿದ್ದಾರೆ, ನೋಡಬೇಡ ಎಂದಿಲ್ಲವಲ್ಲ ಎಂದೆ. ಬಂದಳು, ಆದರೆ ಅಂಗಡಿಯ ಬಾಗಿಲಲ್ಲೇ ಕೈ ಹಿಂದೆ ಕಟ್ಟಿಕೊಂಡು ನಿಂತಳು. ಅವಳು ಹಾಗೆ ನಿಂತದ್ದು ನೋಡಿ ನಿಮ್ಮ ಮೇಲೆ ಬಂದ ಕೋಪವನ್ನು ಇಲ್ಲಿ ಬರೆದರೆ ಕಾಗದ ಸುಟ್ಟೀತು.

ಅಂಗಡಿಯವನು ನನ್ನನ್ನೂ ನನ್ನ ಚೀಲವನ್ನೂ ನೋಡಿ, ಪೈಪು ಕೇಳಲು ಬಂದವಳೆಂದು ತಿಳಿದ. ಎಂಜಿನ್ ಎಂದ ಮೇಲೆ ಒಂದು ಅಗ್ಗದ್ದನ್ನು ಮುಂದೆ ತಳ್ಳಿದ. ಅದರಲ್ಲಿ ಪುಲ್ಲಿ ಕೂರುವ ಶಾಫ್ಟ್ ಪಕ್ಕಕ್ಕೆ ಚಾಚಿಕೊಂಡಿತ್ತು. 'ಅಣ್ಣಾ, ನಮ್ಮದಕ್ಕೆ ಶಾಫ್ಟ್ ಕೆಳಕ್ಕೆ ಬರಬೇಕು, ಪುಲ್ಲಿ ಹೊಟ್ಟೆಯ ಕೆಳಗೆ ಇರೋದು' ಎಂದೆ. ಆಗ ಅವನು ನನ್ನ ಮುಖ ಸರಿಯಾಗಿ ನೋಡಿದ. ಹನ್ನೊಂದು ವರ್ಷ ನಿಮಗೆ ದೀಪ ಹಿಡಿದು, ನಟ್ಟು ಬೋಲ್ಟು ಎಣಿಸಿಕೊಟ್ಟವಳು ನಾನು. ಅಷ್ಟೂ ಗೊತ್ತಿರುವುದಿಲ್ಲವೇ? ಆಮೇಲೆ ಅವನು ಮುಸುಕು ಸರಿಸಿ ನಿಮ್ಮ ಮೂವತ್ತೈದು ಕುದುರೆಯದನ್ನು ತೋರಿಸಿದ. ಅಬ್ಬಾ, ಏನು ಗಾತ್ರ, ಏನು ಮಿರುಗು! ನೀವಿದ್ದಿದ್ದರೆ ಅಲ್ಲೇ ಅಡ್ಡಬೀಳುತ್ತಿದ್ದಿರಿ. ನಾನು ಚೀಲದಿಂದ ಪುಲ್ಲಿ ತೆಗೆದು, ಹಾಕಿ ನೋಡಣ್ಣಾ ಎಂದೆ. ಒಳಗೆ ಹೋಗಲಿಲ್ಲ, ಶಾಫ್ಟ್ ದಪ್ಪ. 'ಪುಲ್ಲಿ ಬೇರೆ ಹಾಕ್ಕೊಂಡ್ರಾಯ್ತು, ಸೈಲೆನ್ಸರ್ ತಾಗುತ್ತೆ, ಚಾಸಿಸ್ ಒಂಚೂರು ಕತ್ತರಿಸಿದ್ರಾಯ್ತು' ಎಂದ. ನಮ್ಮ ಗಾಡಿಯನ್ನು ಕತ್ತರಿಸುವುದನ್ನು ಅವನು ತಲೆಕೂದಲು ಕತ್ತರಿಸುವಷ್ಟು ಸಲೀಸಾಗಿ ಹೇಳಿದ. ಅಷ್ಟರಲ್ಲಿ ಬಾಗಿಲಿನಿಂದ ಮೆಲ್ಲಗೆ ಒಂದು ದನಿ: 'ಅಮ್ಮಾ, ಅದು ತುಂಬಾ ಭಾರ. ಒದ್ದೆ ನೆಲದಲ್ಲಿ ತಿರುಗಿಸಿದ್ರೆ ಹುಲ್ಲು ಕಿತ್ತು ಬರುತ್ತೆ. ನಮ್ಮ ಬ್ಲೇಡು ಐವತ್ತೆರಡು ಅಂಗುಲ, ಅದಕ್ಕೆ ಇಪ್ಪತ್ನಾಲ್ಕು ಸಾಕು.' ಮೆಷಿನ್ ವಿಷಯದಲ್ಲಿ ಅವಳದ್ದು ಇಪ್ಪತ್ತು ದಿನವೂ ತುಂಬಿರದ ಮೌನ ರೀ, ನನಗೆ ವರ್ಷ ಕಳೆದಂತಾಗಿತ್ತು. ಅಂಗಡಿಯವನೆದುರು ಕಣ್ಣೊರೆಸಿಕೊಳ್ಳಬಾರದೆಂದು ಪುಲ್ಲಿ ಒರೆಸಿದೆ.

ಇಪ್ಪತ್ನಾಲ್ಕರದು ಎರಡು ಇದ್ದವು. ನೋಡಲು ಒಂದೇ ಥರ, ಅವಳಿ ಮಕ್ಕಳ ಹಾಗೆ. ಪುಲ್ಲಿ ಎರಡಕ್ಕೂ ಸಲೀಸಾಗಿ ಕೂತಿತು. ಅಂಗಡಿಯವನು ಒಂದರ ಬಣ್ಣ ಹೊಗಳಿದ, ಇನ್ನೊಂದರ ಗ್ಯಾರಂಟಿ ಹೊಗಳಿದ. ನಾನು ಒಂದೇ ಪ್ರಶ್ನೆ ಕೇಳಿದೆ: ಇದರೊಳಗೆ ಹುಲ್ಲು ಸಿಕ್ಕಿಕೊಂಡರೆ ತೆಗೆಯುವುದು ಹೇಗೆ, ಬಿಚ್ಚಿ ತೋರಿಸು. ನಕ್ಕ. ನಾನು ನಗಲಿಲ್ಲ. ಮೊದಲನೆಯದನ್ನು ಬಿಚ್ಚಲು ಹನ್ನೊಂದು ಸ್ಕ್ರೂ, ಅದರಲ್ಲಿ ಎರಡು ಅವನ ಕೈಗೇ ಸಿಗಲಿಲ್ಲ. ಎರಡನೆಯದಕ್ಕೆ ಪಕ್ಕದಲ್ಲೇ ಒಂದು ಪುಟ್ಟ ಬಾಗಿಲು, ಬೆರಳಲ್ಲಿ ಒತ್ತಿದರೆ ತೆರೆಯುತ್ತದೆ, ಹಳೆ ಹಲ್ಲುಜ್ಜುವ ಬ್ರಷ್ಷು ಹಾಕಿ ಗುಡಿಸಿಬಿಡಬಹುದು. ಏರ್ ಫಿಲ್ಟರ್ ಕೂಡ ದೊಡ್ಡ ಡಬ್ಬಿಯಂಥದ್ದು, ಎತ್ತರದಲ್ಲಿದೆ, ಧೂಳು ಬೇಗ ಹತ್ತುವುದಿಲ್ಲ. ಮಗಳ ಕಡೆ ನೋಡಿದೆ. ಅವಳು ಆಗಲೇ ಒಳಗೆ ಬಂದು, ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಆ ಪುಟ್ಟ ಬಾಗಿಲನ್ನು ತೆಗೆದು ಹಾಕಿ ಮಾಡುತ್ತಿದ್ದಳು. ಮುಟ್ಟಿದ್ದಾಳೆ ಎಂಬುದು ಅವಳಿಗೇ ಗೊತ್ತಿರಲಿಲ್ಲ. ಇದೇ ಇರಲಿ ಎಂದೆ.

ಇನ್ನು ನಿನ್ನೆಯ ಕಥೆ ಕೇಳಿ. ಹಿಂದಿನ ದಿನ ಮಳೆ ಬಂದು ನೆಲ ಒದ್ದೆ. ಗುಡುಗಣ್ಣ ಬಂದ, ಗುಡುಗುತ್ತಲೇ ಬಂದ. ನಮ್ಮನ್ನು ನೋಡಿ, 'ಯಜಮಾನರಿಲ್ವಾ? ಹೊಲಿಗೆ ಮೆಷಿನ್ನಿನ ಸದ್ದು ಬರ್ತಿದೆಯಲ್ಲ ನಿಮ್ಮದ್ರಿಂದ' ಎಂದು ಗೇಲಿ ಮಾಡಿದ. ನಮ್ಮ ಹುಡುಗಿ ಬಗ್ಗಿ ಬ್ಲೇಡು ನೋಡತೊಡಗಿದಳು. ನಾನು ಅವಳ ಕೈಗವಸನ್ನು ಚೀಲದಲ್ಲಿ ತಂದಿದ್ದೆ, ತೊಳೆದು ಒಣಗಿಸಿ. ಕೊಟ್ಟೆ. ಒಂದು ಗಳಿಗೆ ಅದನ್ನೇ ನೋಡುತ್ತಾ ನಿಂತು, ಹಾಕಿಕೊಂಡು ಸೀಟು ಹತ್ತಿದಳು. ನಿಮ್ಮ ಅಪ್ಪಣೆ ಮೀರಿದ್ದು ನಾನು, ಅವಳಲ್ಲ, ಬೈಯುವುದಿದ್ದರೆ ನನ್ನನ್ನೇ ಬೈಯಿರಿ. ಗುಡುಗಣ್ಣನ ಗಾಡಿ ನೆಟ್ಟಗೆ ಹೋಗುವಾಗ ಚೆನ್ನಾಗಿಯೇ ಹೋಯಿತು, ಸುಳ್ಳು ಹೇಳಬಾರದು. ಆದರೆ ಪ್ರತಿ ತಿರುವಿನಲ್ಲೂ ಚಕ್ರ ನೆಲಕ್ಕೆ ಕಚ್ಚಿಕೊಂಡು, ಅಂಗೈಯಗಲ ಹುಲ್ಲು ಕಿತ್ತುಬಂದು ಮಣ್ಣು ಕಾಣುತ್ತಿತ್ತು. ನಮ್ಮವಳು ತಿರುಗಿಸಿದ್ದು ಮಣಿಕಟ್ಟಿನಲ್ಲಿ ರೀ, ಒಂದು ಲಿವರ್ ಹಿಂದೆ, ಒಂದು ಮುಂದೆ, ನೆಲಕ್ಕೆ ನೋವಾಗದ ಹಾಗೆ. ಚರಂಡಿ ಪಕ್ಕದ ಆ ದಟ್ಟ ಹುಲ್ಲು ಗೊತ್ತಲ್ಲ, ಹಳೆ ಎಂಜಿನ್ ಅಲ್ಲಿ ಯಾವಾಗಲೂ ಮುಲುಗುತ್ತಿತ್ತು. ನಾನು ಕಿವಿಗೊಟ್ಟೆ. ಹೊಸದರ ದನಿ ಒಂದೆಳೆಯೂ ಇಳಿಯಲಿಲ್ಲ.

ಟೇಪು ಸಾಹೇಬರು ಮಂಡಿಯೂರಿ ಎಂಟು ಕಡೆ ಹುಲ್ಲಿನ ಎತ್ತರ ಅಳೆದರು. ಎಂಟೂ ಕಡೆ ಒಂದೇ! ಎದ್ದು ಪ್ಯಾಂಟಿನ ಒದ್ದೆ ಕೊಡವಿಕೊಂಡು ಗುಡುಗಣ್ಣನಿಗೆ, 'ನಿನ್ನ ಗಾಡಿ ರಸ್ತೆ ಮಾಡೋಕೆ ಚೆನ್ನಾಗಿದೆ, ಮೈದಾನಕ್ಕೆ ಬೇಡ' ಎಂದರು. ಓಡುವ ಹುಡುಗರೆಲ್ಲ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಕೈಯಲ್ಲಿದ್ದ ಚೀಲ ಎಲ್ಲಿ ಬಿತ್ತೋ ಗೊತ್ತಿಲ್ಲ. ಗುಡುಗಣ್ಣನೂ ದೊಡ್ಡ ಮನುಷ್ಯನೇ ಎನ್ನಿ, ಬಂದು ನಮ್ಮ ಎಂಜಿನ್ನಿನ ಪುಟ್ಟ ಬಾಗಿಲನ್ನು ತೆರೆದು ನೋಡಿ, 'ಎಲ್ಲಿ ತಗೊಂಡ್ರಿ?' ಎಂದು ಕೇಳಿದ. ನನ್ನ ಹೊಟ್ಟೆ ತಣ್ಣಗಾಯಿತು.

ನಿಮ್ಮ ತಮ್ಮನಿಗೆ ನನ್ನ ನೆನಪು ಹೇಳಿ. ವಾರಗಿತ್ತಿಗೆ ಹೊಸ ಮಿಕ್ಸಿ ಕೊಡಿಸುವುದು ನಮ್ಮ ಜವಾಬ್ದಾರಿ ಎಂದು ತಿಳಿಸಿ. ಮಕ್ಕಳಿಗೆ ದೊಡ್ಡಮ್ಮನ ಆಶೀರ್ವಾದ, ಚೆನ್ನಾಗಿ ಓದಲಿ. ಮೆಷಿನ್ ಓಡಿದ ದಿನ ಬರುತ್ತೇನೆ ಎಂದಿದ್ದಿರಿ, ಮೆಷಿನ್ ಓಡಿದೆ. ಮಾತು ನಿಮ್ಮದು, ಬಸ್ಸು ಬೆಳಿಗ್ಗೆ ಆರಕ್ಕೆ.

ಇಂತಿ,
'ಎಂಜಿನ್ ವಿಷಯ ನಿಂಗೇನು ಗೊತ್ತು' ಎಂದು ಮೂವತ್ತು ವರ್ಷದಿಂದ ಅನ್ನಿಸಿಕೊಂಡ
ನಿಮ್ಮವಳು

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಮೇಸ್ತ್ರಿ ಹೇಳಿದ ಇನ್ನೊಂದು ಮಾತು ಇದು: ಆ ಎಂಜಿನ್ ತಣ್ಣಗಾಗುವುದು ನೆತ್ತಿಯ ಜಾಲರಿಯಿಂದ ಎಳೆದುಕೊಳ್ಳುವ ಗಾಳಿಯಿಂದಲೇ. 'ಇದಕ್ಕೆ ಬಟ್ಟೆ ಕಟ್ಟಿ ಉಸಿರುಗಟ್ಟಿಸಿದ್ಯಾರು ಅಕ್ಕಾ?' ಎಂದು ಕೇಳಿದ. ಸಂದಿಯೊಳಗೆ ಸಿಕ್ಕಿಕೊಂಡ ಹುಲ್ಲು ಹೊರಕ್ಕೆ ಬರಲೂ ದಾರಿಯಿಲ್ಲದೆ ಗೂಡು ಕಟ್ಟಿತ್ತಂತೆ. ಎಂಜಿನ್ ಸುಟ್ಟದ್ದು ಮಗಳಲ್ಲ. ಹೇಳಿದವರು ನೀವು, ಹೊಲಿದವಳು ನಾನು. ಮಗಳನ್ನು ಕೇಳಿದೆ. ಅವತ್ತು ಬೆಳಿಗ್ಗೆ ಅವಳು ಎರಡು ಸಲ 'ಅಪ್ಪಾ, ಬಿಸಿಯಾಗ್ತಿದೆ, ಕುಲಾವಿ ಬಿಚ್ಲಾ?' ಎಂದು ಕೇಳಿದ್ದಳಂತೆ, ನೀವು 'ಮುಟ್ಬೇಡ' ಎಂದಿರಂತೆ. ಯಾಕೆ ಮೊದಲೇ ಹೇಳಲಿಲ್ಲ ಎಂದರೆ, 'ನೀನು ಅಷ್ಟು ಆಸೆಯಿಂದ ಹೊಲಿದಿದ್ದೆಯಲ್ಲಮ್ಮಾ' ಎಂದಳು. ಇಷ್ಟು ದಿನ ಬೈಗುಳ ನುಂಗಿಕೊಂಡದ್ದು ಅದಕ್ಕೆ. ಕುಲಾವಿ ಈ ಲಕೋಟೆಯೊಳಗೇ ಇದೆ, ಸುಟ್ಟ ವಾಸನೆ ಇನ್ನೂ ಹೋಗಿಲ್ಲ. ನನ್ನ ತಪ್ಪನ್ನು ನಾನು ಅವಳೆದುರು ಒಪ್ಪಿಕೊಂಡಾಯಿತು. ನೀವು ಬಸ್ಸಿಳಿದು ಮನೆಗೆ ಬರಬೇಡಿ, ನೆಟ್ಟಗೆ ಮೈದಾನಕ್ಕೆ ಹೋಗಿ. ಅವಳು ಅಲ್ಲೇ ಸೀಟಿನ ಮೇಲೆ ಇರುತ್ತಾಳೆ, ಟೇಪು ಸಾಹೇಬರಿರುತ್ತಾರೆ, ಓಡುವ ಹುಡುಗರಿರುತ್ತಾರೆ, ಗೇಟಿನ ಕಾವಲಿನವನೂ ಇರುತ್ತಾನೆ. ಬೈದದ್ದು ಅಲ್ಲಿ ತಾನೆ? ಇದನ್ನೂ ಅಲ್ಲೇ ಹೇಳಿ, ಅಷ್ಟೇ ಜೋರಾಗಿ.