ಬೀದಿಗೆಲ್ಲ ಮಾದರಿ ಮನೆ

ಏಪ್ರಿಲ್ ೧೧, ಶನಿವಾರ ಮಧ್ಯಾಹ್ನ

ಮುದ್ದು ಪುಟ್ಟಿಗೆ,

ಕುಶಲ ಕೇಳುವ ಮೊದಲು ಒಂದು ತಪ್ಪೊಪ್ಪಿಗೆ. ನಿನ್ನ ಅಪ್ಪ ಕಳ್ಳನಾಗಿದ್ದಾನೆ. ಎದುರು ಮನೆಯ ದರ್ಜಿ ತನ್ನ ಹೊಸ ಟಿ.ವಿ.ಯ ರಟ್ಟಿನ ಪೆಟ್ಟಿಗೆಯನ್ನು ಕಸದವರಿಗೆಂದು ಗೇಟಿನ ಹೊರಗಿಟ್ಟಿದ್ದ. ಹೋದ ತಿಂಗಳು ಹಾಡಹಗಲಿನಲ್ಲಿ, ಪೂರ್ಣ ಪ್ರಜ್ಞೆಯಿಂದ, ಅದನ್ನು ಕದ್ದು ತಂದೆ. ಕಸ ಕದಿಯುವುದು ಅಪರಾಧವೇ ಅಲ್ಲ ಎಂದು ನೀನು ವಾದಿಸಬಹುದು. ಆದರೆ ನಾನು ಕಳ್ಳನಂತೆಯೇ ಬಗ್ಗಿ ಓಡಿದೆ. ಪೆಟ್ಟಿಗೆ ನನಗಿಂತ ದೊಡ್ಡದಾದ್ದರಿಂದ ಬೀದಿಯವರಿಗೆ ಕಂಡದ್ದು ಎರಡು ಕಾಲಿನ ಟಿ.ವಿ. ಮಾತ್ರ.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯದ ಅಪರಾಧ ಇದಕ್ಕಿಂತ ದೊಡ್ಡದು, ಅದಕ್ಕೇ ಚಿಕ್ಕದನ್ನು ಮುಂದೆ ಮಾಡಿದೆ. ನಿಮ್ಮ ಮನೆ ಹಿಂದಿನ ಕಾರ್ಖಾನೆಯ ಹೊಗೆಗೆ ಪಾಪುವಿನ ಎದೆ ಮತ್ತೆ ಕಟ್ಟಿಕೊಂಡಿತೆಂದೂ, ಕೆಲವು ತಿಂಗಳಾದರೂ ಮಗುವನ್ನು ಬೇರೆ ಕಡೆ ಇರಿಸಿ ಎಂದು ಡಾಕ್ಟರು ಹೇಳಿದರೆಂದೂ ಬರೆದಿದ್ದೀಯ. "ನಿಮ್ಮ ಹಸಿರು ಮನೆ ಇರುವಾಗ ನನಗೇನು ಯೋಚನೆ ಅಪ್ಪ? ಮಗೂನ ಕರ್ಕೊಂಡು ಬಂದ್ಬಿಡ್ತೀನಿ. ರಾತ್ರಿ ಹಚ್ಚೋ ಉಸಿರಿನ ಯಂತ್ರ ಒಂದು ತರ್ತೀನಿ, ಅಷ್ಟೇ ಸಾಮಾನು." ಈ ಸಾಲನ್ನು ನಿಮ್ಮಮ್ಮ ನನ್ನಿಂದ ಮತ್ತೆ ಮತ್ತೆ ಓದಿಸಿದಳು. ಯಾಕೋ ಓದುವಾಗಲೆಲ್ಲ ನನ್ನ ಕನ್ನಡಕ ಕೈಕೊಡುತ್ತಿತ್ತು.

ಇರಲಿ, ಹಸಿರು ಮನೆಯ ವರದಿ ಒಪ್ಪಿಸುತ್ತೇನೆ. ಕದ್ದ ರಟ್ಟಿಗೆ ಬಿಸ್ಕತ್ತು ಪೊಟ್ಟಣಗಳ ಬೆಳ್ಳಿ ಕಾಗದ ಅಂಟಿಸಿ ಪಡುವಣ ಕಿಟಕಿಗೆ ಹೊದಿಸಿದೆ. ಸಂಜೆಯ ಬಿಸಿಲು ಬಂದು, ತನ್ನ ಮುಖ ತಾನೇ ನೋಡಿಕೊಂಡು, ನಾಚಿ ಹಿಂದಕ್ಕೆ ಹೋಗುತ್ತದೆ. ತಾರಸಿಗೆ ಸುಣ್ಣ ಬಳಿದೆ. ಅರ್ಧ ತಾರಸಿಗೆ, ಅರ್ಧ ನನಗೆ. ತರಕಾರಿ ತೊಳೆದ ನೀರು ಟೊಮೇಟೊ ಗಿಡಕ್ಕೆ, ಹರಿದ ಬೆಡ್‌ಶೀಟು ಒದ್ದೆಯಾಗಿ ಬಾಗಿಲಿಗೆ. ಫ್ರಿಜ್ಜಿನ ಜಾಗದಲ್ಲಿ ಈಗ ದೊಡ್ಡ ಮಡಕೆಯೊಳಗೊಂದು ಚಿಕ್ಕ ಮಡಕೆ, ನಡುವೆ ಒದ್ದೆ ಮರಳು. ಹಾಲು ಸಂಜೆಯವರೆಗೆ ಕೆಡುವುದಿಲ್ಲ, ಕೆಟ್ಟರೆ ಮೊಸರು ಎಂದು ಹೆಸರು ಬದಲಿಸುತ್ತೇವೆ. ಮಿಕ್ಕ ರಟ್ಟಿನಲ್ಲಿ ಒಂದು ಬಿಸಿಲೊಲೆಯನ್ನೂ ಮಾಡಿದೆ. ಬೆಳಿಗ್ಗೆ ಇಟ್ಟ ಆಲೂಗಡ್ಡೆಯನ್ನು ನಿಮ್ಮಮ್ಮ ಸಂಜೆ ಮುಟ್ಟಿ ನೋಡಿ, ಇದು ಬೆಂದಿಲ್ಲ, ಜ್ವರ ಬಂದಿದೆ ಅಷ್ಟೇ ಎಂದಳು.

ಫೋನು ಹತ್ತುವುದಿಲ್ಲವೆಂದು ಬೇಸರಿಸಬೇಡ, ಅದಕ್ಕೂ ರಜೆ ಕೊಟ್ಟಿದ್ದೇನೆ. ಬೆಳಕಿರುವಾಗಲೇ ಊಟ ಮುಗಿಸಿ ಕೋಳಿಗಳ ಹೊತ್ತಿಗೆ ಮಲಗುತ್ತೇವೆ ಎಂದು ನಾನು ಬೀಗಿದರೆ, "ಕೋಳಿಗಾದ್ರೆ ಬೆಳಗಾದ್ರೆ ಕೆಲಸ ಇರತ್ತೆ" ಅನ್ನುತ್ತಾಳೆ ನಿಮ್ಮಮ್ಮ.

ಹೋದ ಭಾನುವಾರ ಬೀದಿಯ ಸಂಘದವರು ಈ ವೈಭವ ನೋಡಲು ಬಂದಿದ್ದರು. ಮ್ಯೂಸಿಯಂ ಕಾವಲುಗಾರನಂತೆ ಕೋಲು ಹಿಡಿದು ಎಲ್ಲವನ್ನೂ ತೋರಿಸಿದೆ. ಮೂಲೆ ಮನೆಯ ನಿವೃತ್ತ ಎಂಜಿನಿಯರು ಮಡಕೆಯೊಳಗೆ ಕೈಹಾಕಿ ದಂಗಾದರು. ತಮ್ಮಲ್ಲಿ ಸೋಲಾರ್ ಹಲಗೆಯೊಂದು ಬ್ಯಾಟರಿ ಸಮೇತ ಸುಮ್ಮನೆ ಬಿದ್ದಿದೆ, ಒಂದೆರಡು ದೀಪ, ಸಣ್ಣದೊಂದು ಯಂತ್ರ ರಾತ್ರಿಯಿಡೀ ನಡೆಯುತ್ತದೆ, ಹಾಗೇ ತೆಗೆದುಕೊಳ್ಳಿ, ನಿಮ್ಮಂಥವರ ಮನೆಯಲ್ಲಿದ್ದರೆ ಅದಕ್ಕೂ ಮರ್ಯಾದೆ ಎಂದರು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಅಡುಗೆಮನೆ ಬಾಗಿಲಲ್ಲಿ ನಿಂತ ನಿಮ್ಮಮ್ಮ ಹೂಂ ಅನ್ನಿ ಎಂದು ಕಣ್ಣಿನಲ್ಲೇ ಬೇಡುತ್ತಿದ್ದಳು. ನಾನು ಗಂಟಲು ಸರಿಮಾಡಿಕೊಂಡು ಹೇಳಿದೆ: "ವಿದ್ವತ್ತು ಇರೋ ಮನೆಗೆ ವಿದ್ಯುತ್ತು ಯಾಕೆ ಸ್ವಾಮಿ?"

ಚಪ್ಪಾಳೆಯೋ ಚಪ್ಪಾಳೆ. ಅವರೆಲ್ಲ ಹೋದ ಮೇಲೆ ನಿಮ್ಮಮ್ಮ ಒಂದೇ ಮಾತು ಕೇಳಿದಳು. "ಪಾಪು ಬರತ್ತೆ ಅಂತ ಗೊತ್ತಿತ್ತಲ್ಲ ನಿಮಗೆ?" ಅಂದಿನಿಂದ ನನ್ನೊಡನೆ ಮಾತು ಕಡಿಮೆ. ಅದೂ ಒಂದು ಉಳಿತಾಯ ಎಂದೆ. ನಗಲಿಲ್ಲ.

ನೀನು ಬರುವ ವಿಷಯ. ಈ ಬೇಸಿಗೆ ಕಳೆಯಲಿ, ಸ್ವಲ್ಪ ತಡೆದು ಬಾ. ಅಲ್ಲಿಯವರೆಗೆ ನಿನ್ನ ನಾದಿನಿಯ ಮನೆಯಲ್ಲಿರಬಹುದಲ್ಲ? ಅವಳ ನಾಲಿಗೆ ಖಾರ ನಿಜ, ಆದರೆ ಅವರ ಕಡೆಯ ಗಾಳಿ ಒಳ್ಳೆಯದು.

ಪಾಪುವಿನ ಎದೆ ಹಗುರಾಗಲಿ, ನಿನ್ನ ಕಣ್ಣಿಗೆ ನಿದ್ದೆ ಹತ್ತಲಿ. ನಮ್ಮಿಬ್ಬರ ಕೈ ಸದಾ ನಿಮ್ಮಿಬ್ಬರ ತಲೆಯ ಮೇಲಿದೆ ಎಂದುಕೋ.

ನಿನ್ನ
ಅಪ್ಪ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ನಿಮ್ಮಮ್ಮ ಇದನ್ನು ಓದಿದಳು. "ಇದರಲ್ಲಿ ನನ್ನ ಕೈ ಸೇರಿಸ್ಬೇಡಿ" ಎಂದು ವಾಪಸು ಕೊಟ್ಟಳು.

ಕೇಳು ಪುಟ್ಟಿ. ನಮ್ಮ ಮುದ್ರಣಾಲಯ ಮುಚ್ಚಿಹೋಯಿತು. ಬರೀ ಕರಡು ತಿದ್ದಲು ಬರುವ ಮುದುಕನನ್ನು ಬೇರೆಲ್ಲೂ ಕೇಳುವವರಿಲ್ಲ. ಫ್ರಿಜ್ಜು ಮಾರಿದ್ದು ಮೊದಲು, ಮಡಕೆಯ ತತ್ವ ಹೊಳೆದದ್ದು ಆಮೇಲೆ. ಬಿಲ್ಲು ಕಟ್ಟಲಿಲ್ಲವೆಂದು ಲೈನ್‌ಮನ್ ಬಂದು ಕಂಬ ಹತ್ತಿ ನಮ್ಮ ತಂತಿ ಬಿಡಿಸಿದ. ಬೀದಿಯವರು ನೋಡುತ್ತಿದ್ದರೆಂದು ನಾನು ಕೆಳಗೆ ನಿಂತು, ನಾನೇ ಕರೆಸಿದವನಂತೆ, ಹುಷಾರಪ್ಪ, ನಿಧಾನವಾಗಿ ಬಿಡಿಸು ಎಂದು ಅವನಿಗೆ ಹೇಳಿಕೊಡುತ್ತಿದ್ದೆ. ಪರಿಸರ ಕಾಳಜಿ ಎಂದು ನಿನಗೆ ಪುಟಗಟ್ಟಲೆ ಬರೆದೆನಲ್ಲ, ಅದು ಹುಟ್ಟಿದ್ದು ಆ ಕಂಬದ ಬುಡದಲ್ಲಿ. ಪಾಪುವಿನ ಯಂತ್ರ ಇಲ್ಲಿ ಒಂದು ರಾತ್ರಿಯೂ ನಡೆಯದು. ಮಗುವನ್ನು ಕರೆದುಕೊಂಡು ಬರಬೇಡ.

ನಿನ್ನೆ ಸಂಜೆ ಮಾನ ಬಿಟ್ಟು ಆ ಹಲಗೆ ಕೇಳಲು ಎಂಜಿನಿಯರ ಬಾಗಿಲು ತಟ್ಟಿದೆ. ಬಾಯಿ ತೆರೆಯುವ ಮೊದಲೇ ಅವರು ನನ್ನ ಕೈ ಹಿಡಿದುಕೊಂಡರು. "ನಿಮ್ಮ ಮಾತು ಮನಸ್ಸಿಗೆ ನಾಟ್ಬಿಡ್ತು ಸಾರ್. ನಿಮಗೇ ಬೇಡ ಅಂದ್ಮೇಲೆ ನಾನ್ಯಾಕೆ ಇಟ್ಕೊಂಡಿರ್ಲಿ ಅಂತ ಹಲಗೆ, ಬ್ಯಾಟರಿ ಎರಡನ್ನೂ ಊರಾಚೆ ಶಾಲೆಗೆ ಕೊಟ್ಬಿಟ್ಟೆ" ಎಂದರು. ನಾನು ಅವರ ಬೆನ್ನು ತಟ್ಟಿದೆ. ಗೇಟಿನವರೆಗೆ ಬಂದು, ಏನೋ ಕೇಳೋಕೆ ಬಂದಿದ್ರಿ ಅನ್ಸತ್ತೆ ಎಂದರು.

ಏನಿಲ್ಲ, ನಿಮ್ಮನ್ನು ಅಭಿನಂದಿಸೋಣ ಅಂತ ಬಂದೆ, ಎಂದೆ.